30 ವಾರಕ್ಕೆ ಹುಟ್ಟಿದ ಮಗುವಿಗೆ 2 ಎಂ.ಎಲ್. ಹಾಲು ಸಾಕಾಗುತ್ತದೆಯೇ?

ಜಗಳೂರಿನವರಾದ ತಾವು ಕೇಳಿರುವುದು ಇಷ್ಟು: ತಂಗಿಗೆ 30 ವಾರಕ್ಕೇ ಹೆರಿಗೆಯಾಗಿದೆ, 1.2 ಕೆ.ಜಿ. ತೂಕದ ಮಗು ದಾವಣಗೆರೆಯ ಆಸ್ಪತ್ರೆಯೊಂದರ ಎನ್‌ಐಸಿಯುನಲ್ಲಿದೆ (ನವಜಾತ ಶಿಶುಗಳ ತೀವ್ರ ನಿಗಾ ಘಟಕ), ಎರಡು ಗಂಟೆಗೊಮ್ಮೆ ನಳಿಕೆಯ ಮೂಲಕ 2 ಎಂ.ಎಲ್. ಹಾಲು ಮಾತ್ರ ಕೊಡುತ್ತಿದ್ದಾರೆ. ಇದರಿಂದ ಮಗು ಸೊರಗುವುದಿಲ್ಲವೇ, ಡಬ್ಬಿ ಹಾಲು ಸೇರಿಸಬಾರದೇ, ಈಗ ಕೊಡುವ ಆಹಾರದಿಂದ ಮುಂದೆ ಕರುಳಿಗೆ ತೊಂದರೆಯಾದೀತೇ ಎಂಬುದು ತಮ್ಮ ಆತಂಕ. ನಾನು ಇದೇ ಊರಿನಲ್ಲಿ ನವಜಾತ ಶಿಶುಗಳ ವಾರ್ಡಿನಲ್ಲಿ ಶುಶ್ರೂಷಕಿಯಾಗಿದ್ದೇನೆ. ಮಗುವನ್ನು ನಾನು ನೋಡಿಲ್ಲವಾದ್ದರಿಂದ ಅದರ ಚಿಕಿತ್ಸೆಯ ವಿಷಯದಲ್ಲಿ ಅಲ್ಲಿನ ವೈದ್ಯರ ಮಾತೇ ಅಂತಿಮ.

ಆ 2 ಎಂ.ಎಲ್. ಹೊಟ್ಟೆ ತುಂಬಿಸಲು ಕೊಡುವುದಲ್ಲ. ಆರಂಭದ ದಿನಗಳಲ್ಲಿ ಮಗುವಿಗೆ ಬೇಕಾದ ಸಕ್ಕರೆ, ಪ್ರೋಟೀನು, ಕೊಬ್ಬು ಬಹುಮಟ್ಟಿಗೆ ರಕ್ತನಾಳದ ಮೂಲಕವೇ ಹೋಗುತ್ತಿರುತ್ತವೆ. ಆದರೆ ಕರುಳನ್ನು ಖಾಲಿ ಬಿಟ್ಟರೆ ಅದರ ಒಳಪದರ ತೆಳ್ಳಗಾಗುತ್ತದೆ, ಜೀರ್ಣಕ್ಕೆ ಬೇಕಾದ ಹಾರ್ಮೋನುಗಳು ಸ್ರವಿಸುವುದಿಲ್ಲ, ಹಾಲನ್ನು ಮುಂದಕ್ಕೆ ತಳ್ಳುವ ಚಲನೆಯೂ ರೂಢಿಯಾಗುವುದಿಲ್ಲ. ಆದ್ದರಿಂದ ದಿನಕ್ಕೆ ಪ್ರತಿ ಕಿಲೋ ತೂಕಕ್ಕೆ ಸುಮಾರು 20 ಎಂ.ಎಲ್. ಲೆಕ್ಕದಲ್ಲಿ ಶುರು ಮಾಡುತ್ತಾರೆ. ನಿಮ್ಮ ಮಗುವಿಗೆ ಅದು ದಿನಕ್ಕೆ 24 ಎಂ.ಎಲ್., ಎಂದರೆ ಹನ್ನೆರಡು ಸಲಕ್ಕೆ ಎರಡೆರಡು ಎಂ.ಎಲ್. ಮಗು ಅರಗಿಸಿಕೊಂಡಂತೆ ದಿನದಿನಕ್ಕೂ ಹೆಚ್ಚಿಸುತ್ತಾ, ಕಿಲೋಗೆ 150 ಎಂ.ಎಲ್. ಆಸುಪಾಸು ಮುಟ್ಟಿಸುತ್ತಾರೆ. ಹೀರುವುದು, ನುಂಗುವುದು, ಉಸಿರಾಡುವುದು ಈ ಮೂರನ್ನೂ ಒಟ್ಟಿಗೆ ಹೊಂದಿಸಿಕೊಳ್ಳುವ ಶಕ್ತಿ ಸಾಮಾನ್ಯವಾಗಿ 34 ವಾರದ ಹೊತ್ತಿಗೆ ಬರುವುದರಿಂದ ಅಲ್ಲಿಯವರೆಗೆ ನಳಿಕೆಯೇ ಗತಿ. ನಾವು ಸಿರಿಂಜಿನ ಹಿಡಿಯನ್ನು ತೆಗೆದು, ಬರೀ ಕೊಳವೆಯನ್ನು ಮಗುವಿಗಿಂತ ತುಸು ಮೇಲೆ ಹಿಡಿದು ನಿಲ್ಲುತ್ತೇವೆ. ಹಾಲು ತಾನಾಗಿಯೇ ಇಳಿಯಬೇಕು, ಒತ್ತಿ ತಳ್ಳುವಂತಿಲ್ಲ.

ಯಾವ ಹಾಲು ಎಂಬುದೇ ಇಲ್ಲಿ ಮುಖ್ಯ. ಅವಧಿಗೆ ಮುನ್ನ ಹುಟ್ಟಿದ ಮಗುವಿನ ಜಠರದಲ್ಲಿ ಆಮ್ಲ ಕಡಿಮೆ, ಕರುಳಿನ ಗೋಡೆಯ ಜೀವಕೋಶಗಳ ಬೆಸುಗೆ ಸಡಿಲ. ಇದರ ಜೊತೆಗೆ ಆ್ಯಂಟಿಬಯಾಟಿಕ್ ಮತ್ತು ವಾರ್ಡಿನ ವಾತಾವರಣದಿಂದಾಗಿ ಕ್ಲೆಬ್ಸಿಯೆಲ್ಲಾದಂತಹ ಬ್ಯಾಕ್ಟೀರಿಯಾಗಳು ಮೊದಲು ನೆಲೆಯೂರಿ, ಒಳ್ಳೆಯದು ಮಾಡುವ ಬಿಫಿಡೋಬ್ಯಾಕ್ಟೀರಿಯಾಗಳು ತಡವಾಗಿ ಬರುತ್ತವೆ. ತಾಯಿಯ ಹಾಲಿನಲ್ಲಿರುವ ಒಂದು ಬಗೆಯ ಸಕ್ಕರೆಗಳು ಮಗುವಿಗೇ ಜೀರ್ಣವಾಗುವುದಿಲ್ಲ. ಅವು ಈ ಬಿಫಿಡೋಬ್ಯಾಕ್ಟೀರಿಯಾಗಳಿಗೆ ಆಹಾರ. ಗಿಣ್ಣುಹಾಲಿನಲ್ಲಿ ಹೇರಳವಾಗಿರುವ ಐಜಿಎ ಎಂಬ ಪ್ರತಿಕಾಯ ಮತ್ತು ಲ್ಯಾಕ್ಟೋಫೆರಿನ್ ಎಂಬ ಪ್ರೋಟೀನು ಕರುಳಿನ ಗೋಡೆಗೆ ಕಾವಲಾಗುತ್ತವೆ. ಹೀಗಾಗಿ ಬಟ್ಟಲಿನ ಅಂಚಿಗೆ ಅಂಟಿಕೊಳ್ಳುವ ನಾಲ್ಕು ಹಳದಿ ಹನಿಗಳನ್ನೂ ನಾವು ಚೆಲ್ಲುವುದಿಲ್ಲ. ಕೆನ್ನೆಯ ಒಳಗೆ ಸವರುತ್ತೇವೆ.

ನಾವೆಲ್ಲ ಹೆದರುವುದು ಎನ್‌ಇಸಿ ಎಂಬ ಕಾಯಿಲೆಗೆ. ಇದರಲ್ಲಿ ಕರುಳಿನ ಭಾಗವೇ ಉರಿಯೂತದಿಂದ ಕೊಳೆಯತೊಡಗುತ್ತದೆ. ಹೆಚ್ಚಾಗಿ ಇದು ಹುಟ್ಟಿದ ಕೂಡಲೇ ಬರುವುದಲ್ಲ. ಹಾಲು ಶುರುವಾಗಿ ಮಗು ಚೇತರಿಸಿಕೊಳ್ಳುತ್ತಿದೆ ಎನ್ನುವಾಗ, ಎರಡು ಮೂರನೆಯ ವಾರದಲ್ಲಿ ಬರುತ್ತದೆ. 1990ರಲ್ಲಿ ಪ್ರಕಟವಾದ, 926 ಅವಧಿಪೂರ್ವ ಶಿಶುಗಳನ್ನು ಗಮನಿಸಿದ ಬ್ರಿಟನ್ನಿನ ಅಧ್ಯಯನದಲ್ಲಿ ಬರೀ ಡಬ್ಬಿ ಹಾಲು ಕುಡಿದ ಮಕ್ಕಳಲ್ಲಿ ಈ ಕಾಯಿಲೆ, ಬರೀ ಎದೆಹಾಲು ಕುಡಿದವರಿಗಿಂತ 6ರಿಂದ 10 ಪಟ್ಟು ಹೆಚ್ಚು ಕಂಡುಬಂದಿತ್ತು. ತೂಕ ಬೇಗ ಬರಲೆಂದು ಡಬ್ಬಿಗೆ ಕೈ ಹಾಕಬೇಡಿ ಎನ್ನುವುದು ಇದಕ್ಕೇ. ಹಾಗೆಂದು, ತಾಯಿಯ ಹಾಲು ಸಿಗದೆ ವೈದ್ಯರೇ ಅವಧಿಪೂರ್ವ ಶಿಶುಗಳ ಡಬ್ಬಿ ಹಾಲು (ಫಾರ್ಮುಲಾ) ಬರೆದರೆ ಅದನ್ನು ವಿಷವೆಂದು ತಿಳಿಯಬೇಕಿಲ್ಲ. ಅದಕ್ಕೂ ಮೊದಲು ದಾನಿಗಳ ಹಾಲು ಸಿಗುತ್ತದೆಯೇ ಎಂದು ಕೇಳಿ ನೋಡಿ. ಮುಂಬೈನ ಸಯಾನ್ ಆಸ್ಪತ್ರೆಯಲ್ಲಿ 1989ರಲ್ಲೇ ಇಂಥ ಎದೆಹಾಲಿನ ಬ್ಯಾಂಕ್ ಆರಂಭವಾಗಿತ್ತು. ಇನ್ನೊಂದು ವಿಷಯ: ಹಾಲು ಹೆಚ್ಚಿದ ಮೇಲೆ ಎದೆಹಾಲಿಗೇ ಒಂದು ಪುಡಿ ಬೆರೆಸುವುದನ್ನು ಕಂಡು ಎಷ್ಟೋ ಮನೆಯವರು ಗಾಬರಿಯಾಗುತ್ತಾರೆ. ಅದು ಡಬ್ಬಿ ಹಾಲಲ್ಲ. ಇಷ್ಟು ಸಣ್ಣ ಮಗುವಿನ ಮೂಳೆ, ಮಾಂಸ ಬೆಳೆಯಲು ಎದೆಹಾಲಿನಲ್ಲಿರುವ ಪ್ರೋಟೀನು, ಕ್ಯಾಲ್ಸಿಯಂ, ರಂಜಕ ಸಾಲದಿರುವುದರಿಂದ ಕೊಡುವ ಪೂರಕ.

ಈಗ ಮನೆಯವರು ಮಾಡಬೇಕಾದ ಕೆಲಸವಿರುವುದು ತಂಗಿಯ ಕಡೆಗೆ. ಮಗು ಬಾಯಿ ಹಾಕದಿರುವಾಗ ಹಾಲು ತಾನಾಗಿ ಹೆಚ್ಚುವುದಿಲ್ಲ. ರಾತ್ರಿಯ ಒಂದು ಸಲವೂ ಸೇರಿದಂತೆ ದಿನಕ್ಕೆ ಎಂಟು ಸಲವಾದರೂ ಹಿಂಡಿ ತೆಗೆಯಬೇಕು. ಮೊದಲ ಎರಡು ದಿನ ಹನಿಯಷ್ಟೇ ಬಂದರೆ ‘ಹಾಲೇ ಇಳಿದಿಲ್ಲ’ ಎಂದು ಹಿರಿಯರು ತೀರ್ಪು ಕೊಟ್ಟುಬಿಡುತ್ತಾರೆ, ಅಲ್ಲಿಗೆ ಆಕೆಯ ಧೈರ್ಯವೂ ಕುಸಿಯುತ್ತದೆ. ಬಾಣಂತಿಗೆ ನೀರು ಕೊಟ್ಟರೆ ನಂಜಾಗುತ್ತದೆ ಎಂಬ ಮಾತು ನಮ್ಮ ಸೀಮೆಯಲ್ಲಿ ಇನ್ನೂ ಜೀವಂತವಾಗಿದೆ. ದಯವಿಟ್ಟು ಬಾಯಾರಿದಷ್ಟು ನೀರು ಕೊಡಿ. ಆಕೆಯನ್ನು ಜಗಳೂರಿಗೆ ಕರೆದೊಯ್ದು ಕೂರಿಸುವ ಬದಲು ಆಸ್ಪತ್ರೆಯ ಹತ್ತಿರವೇ ಉಳಿಸಿ, ಅನುಮತಿ ಸಿಕ್ಕ ಕೂಡಲೇ ಮಗುವನ್ನು ಎದೆಗೆ ಚರ್ಮಕ್ಕೆ ಚರ್ಮ ತಾಗುವಂತೆ ಹಿಡಿದುಕೊಳ್ಳಲು ಬಿಟ್ಟರೆ ಹಾಲೂ ಹೆಚ್ಚುತ್ತದೆ. ಹಿಂಡಿದ ಹಾಲನ್ನು ಬಿಸಿಲಿನಲ್ಲಿ ಬಸ್ಸಿನಲ್ಲಿ ತರುವುದಾದರೆ ಐಸ್ ಪ್ಯಾಕ್ ಇಟ್ಟ ಡಬ್ಬಿಯೇ ಆಗಬೇಕು.

ಜೇನುತುಪ್ಪ, ಬಜೆ ತೇಯ್ದ ನೀರು, ಗ್ರೈಪ್ ವಾಟರ್, ಹಸುವಿನ ಹಾಲು ಇವು ಯಾವುವೂ ಬೇಡ. ಮೆಡಿಕಲ್ ಶಾಪಿನ ಪ್ರೋಬಯಾಟಿಕ್ ಹನಿಗಳನ್ನು (ಒಳ್ಳೆಯ ಬ್ಯಾಕ್ಟೀರಿಯಾಗಳೆಂದು ಮಾರುವಂಥವನ್ನು) ಸ್ವಂತ ಬುದ್ಧಿಯಿಂದ ಹಾಕಬೇಡಿ. 2023ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯೇ ಅವಧಿಪೂರ್ವ ಶಿಶುಗಳ ವಿಷಯದಲ್ಲಿ ಇವುಗಳ ಬಗ್ಗೆ ಎಚ್ಚರಿಕೆ ನೀಡಿದೆ.

ಮುಂದೆ ಕರುಳಿಗೆ ತೊಂದರೆಯಾದೀತೇ ಎಂಬುದಕ್ಕೆ: ಎನ್‌ಇಸಿಯಿಂದ ಕರುಳಿನ ದೊಡ್ಡ ಭಾಗವನ್ನು ಕತ್ತರಿಸಬೇಕಾಗಿ ಬಂದ ಮಕ್ಕಳಿಗೆ ಪೋಷಣೆಯ ತೊಂದರೆ ದೀರ್ಘಕಾಲ ಇರಬಹುದು, ಉಳಿದ ಬಹುಪಾಲು ಮಕ್ಕಳ ಕರುಳು ಬೆಳೆಯುತ್ತಾ ಸರಿಹೋಗುತ್ತದೆ. ಮನೆಗೆ ಬಂದ ಮೇಲೆ ಹೊಟ್ಟೆ ಉಬ್ಬಿ ಬಿಗಿಯಾದರೆ, ಹಸಿರು ವಾಂತಿಯಾದರೆ, ಮಲದಲ್ಲಿ ರಕ್ತ ಕಂಡರೆ ಅಥವಾ ಮಗು ಹಾಲು ಬಿಟ್ಟು ಮಂಕಾದರೆ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಬನ್ನಿ. ರಾಗಿ ಸರಿ ಶುರು ಮಾಡುವಾಗ ಹುಟ್ಟಿದ ದಿನದಿಂದಲ್ಲ, ವೈದ್ಯರು ಕೊಟ್ಟಿದ್ದ ಹೆರಿಗೆಯ ದಿನಾಂಕದಿಂದ ವಯಸ್ಸನ್ನು ಲೆಕ್ಕ ಹಾಕಿ ಅವರನ್ನೇ ಕೇಳಿ.