ಅಮ್ಮನಿಗೆ ಒಂದೂವರೆ ದಿನ ಅಂತ ಹೇಳಿ

ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಕೆಲಸ ಸಿಕ್ಕಿದೆ, ಅದು ಬೆಂಗಳೂರಿಂದ ಎಷ್ಟು ದೂರ, ಎಷ್ಟು ಹೊತ್ತಿನ ದಾರಿ ಅಂತ ಶಿವಮೊಗ್ಗದಲ್ಲಿ ಅಮ್ಮ ಕೇಳುತ್ತಿದ್ದಾರೆ ಅಂದಿರಿ. ನಾನು ಇಲ್ಲಿಗೆ ಬಂದು ಹದಿನಾಲ್ಕು ವರ್ಷ ಆಯ್ತು. ನನಗೆ ತಿಳಿದದ್ದು ಹೇಳುತ್ತೇನೆ.

ದೂರ ಸುಮಾರು 14,000 ಕಿಲೋಮೀಟರ್. ಗ್ಲೋಬ್ ಮೇಲೆ ಎರಡೂ ಊರಿಗೆ ಒಂದು ದಾರ ಎಳೆದು ನೋಡಿ, ಅದು ಉತ್ತರ ಧ್ರುವದ ಹತ್ತಿರ ಹಾದು ಹೋಗುತ್ತದೆ. 2021ರ ಜನವರಿಯಲ್ಲಿ ಏರ್ ಇಂಡಿಯಾದ ಮಹಿಳಾ ಪೈಲಟ್‌ಗಳು ಇಲ್ಲಿಂದ ಬೆಂಗಳೂರಿಗೆ ಆ ಕಡೆಯಿಂದಲೇ, ಎಲ್ಲೂ ಇಳಿಯದೆ, ಸುಮಾರು 17 ಗಂಟೆಯಲ್ಲಿ ವಿಮಾನ ತಂದರು. ಆ ಸುದ್ದಿ ಓದಿ ಎಷ್ಟು ಖುಷಿಪಟ್ಟಿದ್ದೆ!

ಆದರೆ ನಮ್ಮಲ್ಲಿ ಜಾಸ್ತಿ ಜನ ಬರುವುದು ನಡುವೆ ಒಂದು ಕಡೆ ಇಳಿದು ಹತ್ತಿ. ದುಬೈ ಆದರೆ ನಾಲ್ಕು ಗಂಟೆ, ಆಮೇಲೆ ಹದಿನಾರರ ಹತ್ತಿರ. ಫ್ರಾಂಕ್‌ಫರ್ಟ್ ಆದರೆ ಹತ್ತು, ಮತ್ತೆ ಹನ್ನೊಂದು ಚಿಲ್ಲರೆ. ಕಾಯುವುದೂ ಸೇರಿದರೆ 22ರಿಂದ 26 ಗಂಟೆ. ಎರಡೂ ವಿಮಾನ ಒಂದೇ ಟಿಕೆಟ್‌ನಲ್ಲಿ ಇರಲಿ. ಮೊದಲ ಸಲ ದುಡ್ಡು ಉಳಿಸೋಣ ಅಂತ ನಾನು ಬೇರೆ ಬೇರೆ ತೆಗೆದುಕೊಂಡೆ. ಮೊದಲನೆಯದು ತಡವಾಯಿತು, ಎರಡನೆಯದು ಹೊರಟೇ ಹೋಯಿತು. ಹೊಸ ಟಿಕೆಟ್‌ಗೆ ಪೂರ್ತಿ ದುಡ್ಡು ಕಟ್ಟಿದೆ.

ಅಮ್ಮನಿಗೆ ಮಾತ್ರ ಈ 24 ಗಂಟೆ ಲೆಕ್ಕ ಹೇಳಬೇಡಿ. ಶಿವಮೊಗ್ಗದಿಂದ ದೇವನಹಳ್ಳಿಗೆ ರಸ್ತೆಯಲ್ಲಿ ಆರೇಳು ಗಂಟೆ. ಮೂರು ಗಂಟೆ ಮುಂಚೆ ಅಲ್ಲಿರಬೇಕು. ಇಲ್ಲಿ ಇಳಿದ ಮೇಲೆ ಇಮಿಗ್ರೇಷನ್ ಸಾಲು. ಬಾಗಿಲಿಂದ ಬಾಗಿಲಿಗೆ ಒಂದೂವರೆ ದಿನ ಅನ್ನಿ. (ಬ್ಯಾಗಿನಲ್ಲಿ ಹಸಿ ಕರಿಬೇವು ಬೇಡ, ಇಲ್ಲಿ ಬಿಡುವುದಿಲ್ಲ. ಚಟ್ನಿಪುಡಿ ತನ್ನಿ, ತಿನ್ನುವ ವಸ್ತು ಇದೆಯಾ ಅಂತ ಕಸ್ಟಮ್ಸ್‌ನವರು ಕೇಳಿದರೆ ಇದೆ ಅಂತಲೇ ಹೇಳಿ.)

ಬರುವಾಗ ದಿನ ಉಳಿಯುತ್ತದೆ. ಮಂಗಳವಾರ ಬೆಳಗಿನ ಜಾವ ಹೊರಟರೆ ಮಂಗಳವಾರ ಮಧ್ಯಾಹ್ನವೇ ಇಲ್ಲಿರುತ್ತೀರಿ. ಹೋಗುವಾಗ ಅದನ್ನು ವಾಪಸ್ ಕೊಡಬೇಕು. ಮಂಗಳವಾರ ಸಂಜೆ ಹೊರಟವರು ಬೆಂಗಳೂರಲ್ಲಿ ಇಳಿಯುವುದು ಗುರುವಾರ ಬೆಳಿಗ್ಗೆ.

ಈ ಗುರುವಾರದ ಬೆಲೆ ನನಗೆ ಗೊತ್ತು. ಅಪ್ಪನಿಗೆ ಎದೆನೋವು ಅಂತ ಅಣ್ಣ ಫೋನ್ ಮಾಡಿದಾಗ ಇಲ್ಲಿ ನಡುರಾತ್ರಿ. ಟಿಕೆಟ್ ಸಿಕ್ಕಿ, ಹೊರಟು, ಆಸ್ಪತ್ರೆ ಬಾಗಿಲು ತಲುಪುವಷ್ಟರಲ್ಲಿ 38 ಗಂಟೆ ಆಗಿತ್ತು. ಅಪ್ಪ ಉಳಿದರು. ಆದರೆ ಆ ವಿಮಾನದಲ್ಲಿ ಕೂತ ಹೊತ್ತು ಇವತ್ತಿಗೂ ಮರೆತಿಲ್ಲ. ಅದಕ್ಕೇ ಹೇಳುತ್ತೇನೆ, ಪಾಸ್‌ಪೋರ್ಟ್ ಕೈಗೆ ಸಿಗುವ ಕಡೆ ಇಡಿ. ಅದರಲ್ಲಿನ ವೀಸಾ ಸ್ಟಾಂಪ್ ಯಾವಾಗ ಮುಗಿಯುತ್ತದೆ ಅಂತ ನೆನಪಿರಲಿ. ಮುಗಿದಿದ್ದರೆ ಊರಿಗೆ ಹೋಗಬಹುದು, ಹೊಸ ಸ್ಟಾಂಪ್ ಇಲ್ಲದೆ ವಾಪಸ್ ಬರಲು ಆಗುವುದಿಲ್ಲ. ಒಂದು ಟಿಕೆಟ್‌ನಷ್ಟು ದುಡ್ಡು ಮುಟ್ಟದೆ ಬೇರೆ ಇಡಿ. ಅಮ್ಮನ ಮನೆಯ ಹತ್ತಿರ, ಕರೆದ ತಕ್ಷಣ ಬರುವ ಒಬ್ಬರ ನಂಬರ್ ಇಟ್ಟುಕೊಳ್ಳಿ. ಮೊದಲ ಒಂದೂವರೆ ದಿನ ಅಲ್ಲಿ ಇರುವವರು ಅವರೇ, ನೀವಲ್ಲ.

ಫೋನಿಗೆ ಬೆಳಿಗ್ಗೆ ಏಳು ಒಳ್ಳೆಯ ಹೊತ್ತು. ಚಳಿಗಾಲದಲ್ಲಿ ಅಮ್ಮನಿಗೆ ಆಗ ರಾತ್ರಿ ಎಂಟೂವರೆ, ಬೇಸಿಗೆಯಲ್ಲಿ ಏಳೂವರೆ.