ಹಾಕಿದ 16 ಲಕ್ಷವೂ ಬಾರದ ಬಾಡಿಗೆಯೂ

ಪ್ರಶ್ನೆ: ನಾನು ಉಡುಪಿಯವಳು, ವಯಸ್ಸು 37. ಎರಡು ವರ್ಷಗಳ ಹಿಂದೆ ಖಾಸಗಿ ಪ್ರೌಢಶಾಲೆಯ ಶಿಕ್ಷಕಿ ಕೆಲಸ ಬಿಟ್ಟು, ಯಜಮಾನರೊಂದಿಗೆ ಸೇರಿ ಅತ್ತೆಯವರ ಹೆಸರಿನಲ್ಲಿರುವ ಕಟ್ಟಡದ ಕೆಳ ಅಂತಸ್ತಿನಲ್ಲಿ ಬೇಕರಿ ತೆರೆದೆ. ಒಟ್ಟು 16 ಲಕ್ಷ ರೂಪಾಯಿ ಹಾಕಿದ್ದೇವೆ: ಮಾವನವರು ಮುಂಬೈಯಲ್ಲಿ ದುಡಿದು ಅತ್ತೆಯವರಿಗಾಗಿ ಇಟ್ಟಿದ್ದ ಠೇವಣಿಯಿಂದ 6 ಲಕ್ಷ, ಬ್ಯಾಂಕ್ ಸಾಲ 7 ಲಕ್ಷ, ಉಳಿದದ್ದು ನಮ್ಮ ಉಳಿತಾಯ. ಸಾಮಗ್ರಿ, ಕರೆಂಟು, ಇಬ್ಬರು ಹುಡುಗರ ಸಂಬಳ ಕಳೆದು ತಿಂಗಳಿಗೆ 30,000 ರೂಪಾಯಿ ಉಳಿಯುತ್ತದೆ. ಅದರಲ್ಲಿ 15,000 ಸಾಲದ ಕಂತಿಗೆ ಹೋಗುತ್ತದೆ. ದಿನಕ್ಕೆ 100 ರೂಪಾಯಿ ಪಿಗ್ಮಿಗೂ ಕಟ್ಟುತ್ತೇವೆ. ಈಗ ಔಷಧದಂಗಡಿಯವರೊಬ್ಬರು ಆ ಕೋಣೆಗೆ 14,000 ಬಾಡಿಗೆ ಕೊಡಲು ಸಿದ್ಧರಿದ್ದಾರೆ, ಆದರೆ ಈ ತಿಂಗಳೊಳಗೆ ಉತ್ತರ ಬೇಕೆನ್ನುತ್ತಾರೆ. ಯಜಮಾನರನ್ನು ಮಂಗಳೂರಿನ ಬೈಕಂಪಾಡಿಯ ಹಳೆಯ ಕಂಪೆನಿ 32,000 ಸಂಬಳಕ್ಕೆ ಕರೆದಿದೆ, ನನ್ನನ್ನು ಶಾಲೆಯವರು 18,000ಕ್ಕೆ ಕರೆಯುತ್ತಿದ್ದಾರೆ. ಯಜಮಾನರು ಮಾತ್ರ, "ನಮಗೇನೂ ನಷ್ಟವಿಲ್ಲ, ಕಟ್ಟಡ ಸ್ವಂತದ್ದು, ರಸ್ತೆ ಕೆಲಸ ಮುಗಿದರೆ ವ್ಯಾಪಾರ ಏರುತ್ತದೆ, 16 ಲಕ್ಷ ಹಾಕಿ ಈಗ ಬಿಟ್ಟರೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಗುತ್ತದೆ" ಎನ್ನುತ್ತಾರೆ. ಅತ್ತೆಯವರ ಎದುರು ನಿಲ್ಲುವುದೇ ನನಗೆ ಕಷ್ಟವಾಗಿದೆ. ಏನು ಮಾಡಲಿ?

ಉತ್ತರ: ಸಹೋದರಿ, ನಿಮ್ಮ ಯಜಮಾನರ "ನಷ್ಟವಿಲ್ಲ" ಎಂಬ ಮಾತನ್ನೇ ಮೊದಲು ಪರೀಕ್ಷಿಸೋಣ, ಏಕೆಂದರೆ ಉಳಿದ ಗೊಂದಲವೆಲ್ಲ ಅಲ್ಲಿಂದಲೇ ಹುಟ್ಟಿದೆ. ಸ್ವಂತ ಕಟ್ಟಡವೆಂದರೆ ಬಾಡಿಗೆ ಇಲ್ಲವೆಂದು ನಮ್ಮ ಊರಿನ ಅನೇಕ ಅಂಗಡಿಯವರು ಹೇಳುತ್ತಾರೆ. ಯಾರೂ ಕೇಳದ ಕೋಣೆಯಾಗಿದ್ದರೆ ಆ ಮಾತು ಸರಿ. 14,000 ರೂಪಾಯಿ ಕೊಡುವವರು ಬಾಗಿಲಿಗೇ ಬಂದು ನಿಂತಿರುವಾಗ ಮಾತ್ರ ಬೇಕರಿಯು ಪ್ರತಿ ತಿಂಗಳೂ ಅಷ್ಟು ಬಾಡಿಗೆಯನ್ನು ನಿಮ್ಮ ಕೈಗೆ ಬಾರದಂತೆ ತಡೆದು ತಾನೇ ನುಂಗುತ್ತಿದೆ. ಒಂದು ದಾರಿ ಹಿಡಿದುದಕ್ಕಾಗಿ ಬಿಟ್ಟುಕೊಡಬೇಕಾದ ಉತ್ತಮ ದಾರಿಯ ಫಲವನ್ನು ಅರ್ಥಶಾಸ್ತ್ರದಲ್ಲಿ ಅವಕಾಶ ವೆಚ್ಚ ಎನ್ನುತ್ತಾರೆ. ಇದಕ್ಕೆ ರಶೀದಿ ಬರುವುದಿಲ್ಲ, ಲೆಕ್ಕದ ಪುಸ್ತಕದಲ್ಲಿ ಸಾಲೂ ಇರುವುದಿಲ್ಲ. ಆದ್ದರಿಂದಲೇ ಮನೆಯ ಲೆಕ್ಕದಿಂದ ಅದು ಸುಲಭವಾಗಿ ಜಾರಿಹೋಗುತ್ತದೆ.

ಬಾಡಿಗೆಗಿಂತಲೂ ದೊಡ್ಡದಾಗಿ ಜಾರಿಹೋಗಿರುವುದು ನಿಮ್ಮಿಬ್ಬರ ದುಡಿಮೆ. ಪತ್ರದಲ್ಲಿ ಹುಡುಗರ ಸಂಬಳ ಕಳೆದಿದ್ದೀರಿ, ಆದರೆ ಬೆಳಗಿನಿಂದ ರಾತ್ರಿಯವರೆಗೆ ಅಲ್ಲೇ ನಿಲ್ಲುವ ನಿಮ್ಮಿಬ್ಬರ ಸಂಬಳವನ್ನು ಎಲ್ಲಿಯೂ ಬರೆದಿಲ್ಲ. ಬಾಡಿಗೆ, ಅವರ ಸಂಬಳ, ನಿಮ್ಮ ಸಂಬಳ ಕೂಡಿದರೆ 64,000 ಆಗುತ್ತದೆ. ಬೈಕಂಪಾಡಿಗೆ ಹೋಗಿಬರುವ ಬಸ್ಸು, ಮಧ್ಯಾಹ್ನದ ಊಟ ಎಂದು 5,000 ಕಳೆದರೂ 59,000 ಉಳಿಯುತ್ತದೆ. ಬೇಕರಿ ಕೊಡುವುದು 30,000. ಹೀಗೆ ಲಾಭವೆಂದು ನೀವಿಬ್ಬರೂ ನಂಬಿರುವ ವ್ಯಾಪಾರಕ್ಕೆ ತಿಂಗಳಿಗೆ 29,000, ವರ್ಷಕ್ಕೆ ಸುಮಾರು ಮೂರೂವರೆ ಲಕ್ಷ ರೂಪಾಯಿಯನ್ನು ನೀವು ತೆರುತ್ತಿದ್ದೀರಿ. ಸಾಲದ ಕಂತನ್ನು ನಾನು ಈ ಹೋಲಿಕೆಗೆ ಬೇಕೆಂದೇ ಸೇರಿಸಿಲ್ಲ. ಬೇಕರಿ ನಡೆದರೂ ಮುಚ್ಚಿದರೂ ಆ 15,000 ಕಟ್ಟಲೇಬೇಕು, ಹಾಗಾಗಿ ಮುಚ್ಚಬೇಕೇ ಬೇಡವೇ ಎಂಬ ಪ್ರಶ್ನೆಯಲ್ಲಿ ಅದಕ್ಕೆ ಮಾತಿಲ್ಲ.

ಇನ್ನು 16 ಲಕ್ಷದ ವಿಚಾರ. ಅದು ಒಂದೇ ಗಂಟಾಗಿ ಮುಳುಗಿಲ್ಲ. ಸುಣ್ಣ ಬಣ್ಣ, ನೆಲದ ಟೈಲ್ಸ್, ಫಾಲ್ಸ್ ಸೀಲಿಂಗ್, ನಾಮಫಲಕ, ಉದ್ಘಾಟನೆಯ ಖರ್ಚು ಇವು ಮರಳಿ ಬರುವುದಿಲ್ಲ. ನಾಳೆ ಬೇಕರಿ ಮುಚ್ಚಿದರೂ ಬಾರದು, ಇನ್ನೂ ಹತ್ತು ವರ್ಷ ನಡೆಸಿದರೂ ಬಾರದು. ಮುಳುಗಿದ ವೆಚ್ಚವೆಂದರೆ ಇಷ್ಟೇ. ಓವನ್, ಹಿಟ್ಟು ಕಲಸುವ ಯಂತ್ರ, ಗಾಜಿನ ಶೀತಕಪಾಟುಗಳಿಗೆ ಇನ್ನೂ ಗಿರಾಕಿಗಳಿದ್ದಾರೆ. ಕುಂದಾಪುರ, ಬ್ರಹ್ಮಾವರದ ಕಡೆ ಹೊಸದಾಗಿ ಬೇಕರಿ ತೆರೆಯುವವರಲ್ಲಿ ಬೆಲೆ ವಿಚಾರಿಸಿ. ಮೂರೂವರೆ ಲಕ್ಷ ಸಿಕ್ಕಿತೆಂದು ಇಟ್ಟುಕೊಳ್ಳೋಣ. ಶೇಕಡಾ 11ರ ಬಡ್ಡಿಯ ಐದು ವರ್ಷದ ಸಾಲವಾದರೆ ಎರಡು ವರ್ಷ ಕಟ್ಟಿದ ಮೇಲೆ ಬಾಕಿ ಸುಮಾರು 4.65 ಲಕ್ಷವಿರುತ್ತದೆ, ಅದರ ಬಹುಪಾಲು ಅಲ್ಲಿಯೇ ತೀರುತ್ತದೆ. ಅವಧಿಗೆ ಮುಂಚೆ ತೀರಿಸಿದರೆ ಶುಲ್ಕವಿದೆಯೇ ಎಂದು ಬ್ಯಾಂಕಿನಲ್ಲಿ ಕೇಳಿಕೊಳ್ಳಿ. ಯಂತ್ರಗಳ ಬೆಲೆ ದಿನ ಕಳೆದಂತೆ ಇಳಿಯುವುದರಿಂದ ಕಾಯುವುದಕ್ಕೂ ಖರ್ಚಿದೆ.

ನಿಮ್ಮ ಯಜಮಾನರ ಮನಸ್ಸು ವಿಚಿತ್ರವಾದದ್ದೇನಲ್ಲ. 1985ರಲ್ಲಿ ಹಾಲ್ ಆರ್ಕ್ಸ್ ಮತ್ತು ಕ್ಯಾಥರಿನ್ ಬ್ಲೂಮರ್ ಎಂಬ ಸಂಶೋಧಕರು ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಅಮೆರಿಕದ ಓಹಾಯೊ ವಿಶ್ವವಿದ್ಯಾಲಯದ ರಂಗಮಂದಿರದ ಇಡೀ ಋತುವಿನ ಟಿಕೆಟನ್ನು ಕೆಲವರಿಗೆ ಪೂರ್ಣ ಬೆಲೆಯಾದ 15 ಡಾಲರಿಗೆ, ಕೆಲವರಿಗೆ ರಿಯಾಯಿತಿಯಲ್ಲಿ ಕೊಡಲಾಯಿತು. ನಾಟಕಗಳು ಎಲ್ಲರಿಗೂ ಒಂದೇ. ಆದರೂ ಋತುವಿನ ಮೊದಲರ್ಧದಲ್ಲಿ ಪೂರ್ಣ ಬೆಲೆ ತೆತ್ತವರು ಹೆಚ್ಚು ನಾಟಕಗಳಿಗೆ ಹೋದರು. ಕೊಟ್ಟ ಹಣ ಅವರನ್ನು ಎಳೆದುಕೊಂಡು ಹೋಗಿತ್ತು. ಉಳಿದರ್ಧದಲ್ಲಿ ಈ ವ್ಯತ್ಯಾಸ ಹೇಳಿಕೊಳ್ಳುವಷ್ಟು ಉಳಿಯಲಿಲ್ಲ. ಆ ಎಳೆತ ಕಾಲಕ್ರಮದಲ್ಲಿ ಸಡಿಲವಾಗಬಹುದು, ಆದರೆ ಅದಕ್ಕಾಗಿ ಕಾಯುವುದು ನಿಮ್ಮ ಮನೆಗೆ ತುಟ್ಟಿ.

ಪಿಗ್ಮಿಯ ಬಗ್ಗೆಯೂ ಒಂದು ಮಾತು. ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಬ್ಯಾಂಕು 1928ರಲ್ಲಿ ಈ ಯೋಜನೆಯನ್ನು ಆರಂಭಿಸಿದ್ದು ನಿಮ್ಮ ಜಿಲ್ಲೆಯಲ್ಲೇ. ದಿನಕ್ಕೆ ಎರಡಾಣೆ ಉಳಿಸಿ ಮನೆ ಕಟ್ಟಿದವರ ನೆನಪಿನಿಂದ ನಮ್ಮ ಕಡೆಯವರಿಗೆ ಪಿಗ್ಮಿಯ ಮೇಲೆ ವಿಶೇಷ ಅಕ್ಕರೆಯಿದೆ, ನನಗೂ ಇದೆ. ಆದರೆ ಹೆಚ್ಚಿನ ಬಡ್ಡಿಯ ಸಾಲ ತಲೆಯ ಮೇಲಿರುವಾಗ ಕಡಿಮೆ ಬಡ್ಡಿಯ ಪಿಗ್ಮಿಗೆ ತಿಂಗಳಿಗೆ 3,000 ಕಟ್ಟುವುದು ಉಳಿತಾಯದಂತೆ ಕಂಡರೂ ಉಳಿತಾಯವಲ್ಲ. ತುರ್ತಿಗೆಂದು ಸ್ವಲ್ಪ ಇಟ್ಟುಕೊಂಡು ಉಳಿದದ್ದನ್ನು ಸಾಲಕ್ಕೆ ಕಟ್ಟಿ.

ಲೆಕ್ಕ ಹೀಗಿದ್ದ ಮಾತ್ರಕ್ಕೆ ಮುಚ್ಚಲೇಬೇಕು ಎಂದು ನಾನು ಹೇಳಲಾರೆ. ಯಾರ ಕೈಕೆಳಗೂ ದುಡಿಯದಿರುವುದು, ದಿನವೂ ಬೈಕಂಪಾಡಿಗೆ ಬಸ್ಸಿನಲ್ಲಿ ಓಡಾಡದಿರುವುದು, ಮಕ್ಕಳಿದ್ದರೆ ಅವರ ಕಣ್ಣೆದುರು ಇರುವುದು ನಿಮ್ಮ ಯಜಮಾನರಿಗೆ ತಿಂಗಳಿಗೆ 29,000 ಬೆಲೆಯದ್ದೆಂದು ತೋರಿದರೆ, ಆ ಬೆಲೆಯನ್ನು ತಿಳಿದೇ ಕೊಡುವ ಹಕ್ಕು ಅವರಿಗಿದೆ. ನಿಮಗೂ ಅದು ಒಪ್ಪಿಗೆಯಾಗಬೇಕು, ಏಕೆಂದರೆ ಅದರಲ್ಲಿ 18,000 ನಿಮ್ಮದು. ಅವರನ್ನು ಒಂದೇ ಪ್ರಶ್ನೆ ಕೇಳಿ: ಈ ಬೇಕರಿ ಇನ್ನೊಬ್ಬರದ್ದಾಗಿದ್ದು, ಇದೇ ಗಿರಾಕಿಗಳು ಮತ್ತು ಇದೇ ಆದಾಯದೊಂದಿಗೆ ಇಂದು ಮೂರೂವರೆ ಲಕ್ಷಕ್ಕೆ ಮಾರಾಟಕ್ಕಿದ್ದರೆ, ತಾವು ಉದ್ಯೋಗದ ಕರೆಯನ್ನು ಬಿಟ್ಟು ಅದನ್ನು ಕೊಳ್ಳುತ್ತಿದ್ದರೇ? ರಸ್ತೆ ಕೆಲಸದ ಮೇಲೆ ಅವರಿಗಿರುವ ಭರವಸೆಯನ್ನು ಹಗುರವಾಗಿ ಕಾಣಬೇಡಿ, ಆದರೆ ಅದಕ್ಕೆ ಅಂಕಿಯನ್ನು ಕೇಳಿ. ವ್ಯಾಪಾರದ ಉಳಿಕೆ 30,000ದಿಂದ 59,000ಕ್ಕೆ ಏರಬೇಕು, ಅಂದರೆ ಹೆಚ್ಚುಕಡಿಮೆ ಇಮ್ಮಡಿಯಾಗಬೇಕು.

ಅತ್ತೆಯವರಿಂದ ಇದನ್ನು ಮುಚ್ಚಿಡಬೇಡಿ. ಮಾವನವರ ದುಡಿಮೆಯ ಹಣವನ್ನು ಸೊಸೆ ಹಾಳುಮಾಡಿದಳು ಎಂಬ ಮಾತು ಬರಬಹುದೆಂದು ನೀವು ಹೆದರುತ್ತಿದ್ದೀರಿ, ಆ ಹೆದರಿಕೆ ಸಹಜ. ಆದರೆ ಬಾಡಿಗೆ ಬರಬೇಕಾದ ಕೋಣೆ ಅವರದೇ. ಆ 14,000ದಲ್ಲಿ ಒಂದು ಪಾಲನ್ನು ತಿಂಗಳು ತಿಂಗಳು ಅವರ ಠೇವಣಿಗೆ ಹಿಂದಿರುಗಿಸುವ ಏರ್ಪಾಡನ್ನು ಮಗನೇ ಅವರ ಮುಂದಿಡಲಿ. ಸೊಸೆಯ ಬಾಯಿಂದ ಬಂದರೆ ಅದೇ ಮಾತು ಬೇರೆಯಾಗಿ ಕೇಳಿಸೀತು.

ಎರಡು ವರ್ಷದಲ್ಲಿ ನೀವು ಕಲಿತ ಕೆಲಸ ಮುಳುಗಿದ ವೆಚ್ಚದ ಪಟ್ಟಿಗೆ ಸೇರುವುದಿಲ್ಲ. ಹುಟ್ಟುಹಬ್ಬದ ಕೇಕುಗಳಿಗೆ ಖಾಯಂ ಗಿರಾಕಿಗಳಿದ್ದರೆ ಚಿಕ್ಕ ಓವನ್ನೊಂದನ್ನು ಮಾರದೆ ಇಟ್ಟುಕೊಂಡು, ಆಹಾರ ಸುರಕ್ಷತಾ ನೋಂದಣಿಯನ್ನು ಮನೆಯ ವಿಳಾಸಕ್ಕೆ ಮಾಡಿಸಿ, ಶನಿವಾರ ಭಾನುವಾರ ಆರ್ಡರಿಗೆ ಮಾತ್ರ ಮಾಡಿಕೊಡಬಹುದು. ಅಂಗಡಿಯ ಇಬ್ಬರು ಹುಡುಗರಿಗೆ ಒಂದು ತಿಂಗಳು ಮುಂಚೆಯೇ ತಿಳಿಸಿ. ಬಾಡಿಗೆ ಕರಾರನ್ನು 11 ತಿಂಗಳಿಗೆ ಮಾಡಿಸಿದರೆ, ಆ ಹೊತ್ತಿಗೆ ರಸ್ತೆ ಕೆಲಸ ಮುಗಿದು ಯಜಮಾನರ ಎಣಿಕೆಯೇ ನಿಜವೆಂದು ಕಂಡಲ್ಲಿ ಕೋಣೆಯ ವಿಚಾರವನ್ನು ಮತ್ತೆ ಯೋಚಿಸಲು ಅವಕಾಶವಿರುತ್ತದೆ. ಔಷಧದಂಗಡಿಯವರು ಈ ತಿಂಗಳೊಳಗೆ ಉತ್ತರ ಕೇಳಿರುವುದರಿಂದ ಮನೆಯ ಮಾತುಕತೆ ಈ ವಾರವೇ ಆಗಲಿ.