ಎಫ್2 ಒತ್ತಿದ್ದೇ ಎಡವಟ್ಟು

ಪ್ರಶ್ನೆ: ನನ್ನದು 2010ರಲ್ಲಿ ಅಳಿಯ ಬೆಂಗಳೂರಿನಿಂದ ಬಿಡಿಭಾಗ ತಂದು ಜೋಡಿಸಿಕೊಟ್ಟ ಕಂಪ್ಯೂಟರ್. ಎ.ಎಂ.ಡಿ. ಅಥ್ಲಾನ್ ಪ್ರೊಸೆಸರ್, 4 ಜಿಬಿ ರ‍್ಯಾಮ್, 500 ಜಿಬಿ ಹಾರ್ಡ್ ಡಿಸ್ಕ್, ವಿಂಡೋಸ್ 7. ಹೋದ ತಿಂಗಳು ಮಗಳ ಮನೆಗೆ ಹೊರಟಾಗ, ಸಿಡಿಲಿನ ಭಯಕ್ಕೆ ಪ್ಲಗ್ ಕಿತ್ತಿಟ್ಟು ಹೋದೆ. ಇಪ್ಪತ್ತು ದಿನ ಬಿಟ್ಟು ಬಂದು ಹಾಕಿದರೆ ಕಪ್ಪು ಪರದೆಯ ಮೇಲೆ ನಾಲ್ಕು ಸಾಲು ಇಂಗ್ಲಿಷ್ ಬಂದು, ಎಫ್1 ಅಥವಾ ಎಫ್2 ಒತ್ತಿ ಎನ್ನುತ್ತದೆ. ಎಫ್2 ಒತ್ತುತ್ತೇನೆ. ‘ಸ್ಟಾರ್ಟಿಂಗ್ ವಿಂಡೋಸ್’ ಎಂದು ಬರುತ್ತದೆ. ಅಷ್ಟರಲ್ಲಿ ನೀಲಿ ಬಣ್ಣ ಫಕ್ಕನೆ ಮಿಂಚಿ ಮತ್ತೆ ಮೊದಲಿಂದ ಶುರು. ರಿಪೇರಿಯವರು ‘ಬೋರ್ಡ್ ಹೋಗಿರಬೇಕು, ಫಾರ್ಮ್ಯಾಟ್ ಹೊಡೆದು ನೋಡೋಣ’ ಎಂದರು. ನಾನು ‘ನುಡಿ’ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡಿದ ಹದಿನೇಳು ಪ್ರಸಂಗಗಳ ತಾಳಮದ್ದಲೆ ಟಿಪ್ಪಣಿ ಅದರಲ್ಲಿದೆ. ಏನು ಮಾಡಲಿ? ಹೊಸ ಕಂಪ್ಯೂಟರನ್ನೇ ತಗೊಳ್ಳಲಾ?
– ನಿವೃತ್ತ ಶಿಕ್ಷಕರು, ತೀರ್ಥಹಳ್ಳಿ

ಉತ್ತರ: ಮೇಷ್ಟ್ರೇ, ಯಾರಿಗೂ ಫಾರ್ಮ್ಯಾಟ್ ಹೊಡೆಯಲು, ಅಂದರೆ ಡಿಸ್ಕ್ ಅಳಿಸಲು, ಬಿಡಬೇಡಿ. ಉಳಿದದ್ದು ಆಮೇಲೆ.

ನಿಮ್ಮ ಪತ್ರ ಓದಿ ನನಗೆ ಖುಷಿಯಾಯಿತು. ಕಂಪ್ಯೂಟರ್ ಕೆಟ್ಟದ್ದಕ್ಕಲ್ಲ ಮತ್ತೆ! ಎಲ್ಲಿ ನಿಲ್ಲುತ್ತದೆ, ಅದಕ್ಕೆ ಮೊದಲು ಏನಾಗಿತ್ತು ಎಂದು ಸರಿಯಾಗಿ ಬರೆದಿದ್ದೀರಿ. ತುಮಕೂರಿನಲ್ಲಿ ಇಪ್ಪತ್ತು ವರ್ಷಕ್ಕಿಂತ ಜಾಸ್ತಿ ಅಂಗಡಿ ನಡೆಸಿದ್ದೇನೆ. ಬಂದವರಲ್ಲಿ ಮುಕ್ಕಾಲು ಪಾಲು ಜನ ‘ಆನ್ ಆಗ್ತಿಲ್ಲ’ ಎಂದಷ್ಟೇ ಹೇಳುತ್ತಿದ್ದರು. ಫ್ಯಾನೇ ತಿರುಗದಿದ್ದರೂ ಅದೇ ಮಾತು, ಡೆಸ್ಕ್‌ಟಾಪ್‌ವರೆಗೆ ಬಂದು ನಿಂತರೂ ಅದೇ ಮಾತು.

ನಿಮ್ಮದರಲ್ಲಿ ವಿಂಡೋಸ್ ಹೆಸರು ಪರದೆಗೆ ಬರುತ್ತಿದೆ. ಅಂದರೆ ಬೋರ್ಡ್ (ಎಲ್ಲ ಭಾಗಗಳನ್ನೂ ಜೋಡಿಸುವ ಮದರ್‌ಬೋರ್ಡ್), ಪ್ರೊಸೆಸರ್, ರ‍್ಯಾಮ್ ಕೆಲಸ ಮಾಡುತ್ತಿವೆ. ಹಾರ್ಡ್ ಡಿಸ್ಕಿನಿಂದ ಒಂದಿಷ್ಟು ಓದಿಯೂ ಆಗಿದೆ. ಸತ್ತ ಬೋರ್ಡ್ ಅಷ್ಟು ದೂರ ಬರುವುದಿಲ್ಲ.

ನನಗೆ ಅನುಮಾನ ಇರುವುದು ಬೋರ್ಡಿನ ಮೇಲಿರುವ ರೂಪಾಯಿ ಬಿಲ್ಲೆಯಷ್ಟು ಗಾತ್ರದ ಸೆಲ್ ಮೇಲೆ. ಅದರ ನಂಬರು ಸಿ.ಆರ್.2032, 3 ವೋಲ್ಟ್. ಗಡಿಯಾರ ಓಡಿಸುವುದು, ಬಯಾಸ್ (ವಿಂಡೋಸ್‌ಗೂ ಮೊದಲು ಏಳುವ, ಬೋರ್ಡಿನಲ್ಲೇ ಇರುವ ತಂತ್ರಾಂಶ) ಸೆಟ್ಟಿಂಗ್ ನೆನಪಿಟ್ಟುಕೊಳ್ಳುವುದು ಅದರ ಕೆಲಸ. ಕಂಪ್ಯೂಟರ್ ಆಫ್ ಮಾಡಿದ್ದರೂ ಗೋಡೆಯ ಸ್ವಿಚ್ ಆನ್ ಇದ್ದರೆ ಎಸ್.ಎಂ.ಪಿ.ಎಸ್.ನಿಂದ (ಒಳಗೆ ಕರೆಂಟ್ ಹಂಚುವ ಪೆಟ್ಟಿಗೆ) 5 ವೋಲ್ಟ್ ಬೋರ್ಡಿಗೆ ಹೋಗುತ್ತಲೇ ಇರುತ್ತದೆ. ಆ ಕರೆಂಟಿನಲ್ಲೇ ಗಡಿಯಾರವೂ ಓಡುತ್ತದೆ. ಹಾಗಾಗಿ ನಿಮ್ಮ ಸೆಲ್ ಎಂದೋ ಸತ್ತಿರಬಹುದು, ನಿಮಗೆ ಗೊತ್ತೇ ಆಗಿಲ್ಲ. ಪ್ಲಗ್ ಕಿತ್ತ ದಿನ ಬಣ್ಣ ಬಯಲಾಯಿತು. ಸಿಡಿಲಿಗೆ ಪ್ಲಗ್ ಕಿತ್ತದ್ದು ಸರಿಯೇ, ನಿಮ್ಮ ಮಲೆನಾಡಲ್ಲಿ ಕೀಳದೆ ಇರುವುದು ಹೇಗೆ?

ಆ ನಾಲ್ಕು ಸಾಲಿನಲ್ಲಿ ‘ಸಿಮಾಸ್ ಚೆಕ್‌ಸಮ್ ಬ್ಯಾಡ್’ ಅಥವಾ ‘ಡೇಟ್/ಟೈಮ್ ನಾಟ್ ಸೆಟ್’ ಎಂದು ಇದ್ದೇ ಇರುತ್ತದೆ, ನೋಡಿ. ಎಫ್1 ಒತ್ತಿದರೆ ಸೆಟ್ಟಿಂಗ್ ಪುಟ ತೆರೆಯುತ್ತದೆ. ಎಫ್2 ಒತ್ತಿದರೆ ಕಾರ್ಖಾನೆಯಿಂದ ಬಂದಾಗ ಇದ್ದ ಸೆಟ್ಟಿಂಗ್ ಹಾಕಿಕೊಂಡು ಮುಂದೆ ಹೋಗುತ್ತದೆ. ಎಡವಟ್ಟಾಗಿರುವುದು ಇಲ್ಲೇ.

ಬೋರ್ಡಿಗೂ ಹಾರ್ಡ್ ಡಿಸ್ಕಿಗೂ ಮಾತುಕತೆ ನಡೆಯಲು ಎರಡು ರೀತಿ ಉಂಟು. ಹಳೆಯದು ಐ.ಡಿ.ಇ., ಹೊಸದು ಎ.ಎಚ್.ಸಿ.ಐ. ನಿಮ್ಮ ಅಳಿಯ ವಿಷಯ ಗೊತ್ತಿದ್ದವರೇ ಇರಬೇಕು. ವಿಂಡೋಸ್ ಹಾಕುವ ಮೊದಲೇ ಎ.ಎಚ್.ಸಿ.ಐ. ಮಾಡಿಟ್ಟಿರುತ್ತಾರೆ. ಆದರೆ ಆ ಕಾಲದ ಬಹಳಷ್ಟು ಬೋರ್ಡ್‌ಗಳು ಕಾರ್ಖಾನೆಯಿಂದ ಬರುತ್ತಿದ್ದದ್ದು ಐ.ಡಿ.ಇ. ಇಟ್ಟುಕೊಂಡೇ. ಹಳೇ ವಿಂಡೋಸ್ ಎಕ್ಸ್‌ಪಿ ಬಳಸುವವರು ಆಗಿನ್ನೂ ತುಂಬ ಇದ್ದರು, ಎಕ್ಸ್‌ಪಿಗೆ ಎ.ಎಚ್.ಸಿ.ಐ. ತಾನಾಗಿ ಅರ್ಥವಾಗುತ್ತಿರಲಿಲ್ಲ. ಅದಕ್ಕೆ ಫ್ಲಾಪಿಯಲ್ಲಿ ಡ್ರೈವರ್ (ಬಿಡಿಭಾಗದ ಜೊತೆ ಮಾತಾಡಲು ವಿಂಡೋಸ್‌ಗೆ ಬೇಕಾದ ಚಿಕ್ಕ ತಂತ್ರಾಂಶ) ಕೊಡಬೇಕಿತ್ತು. (ಬರೀ ಅದಕ್ಕೋಸ್ಕರ ಫ್ಲಾಪಿ ಡ್ರೈವ್ ಒಂದನ್ನು ಅಂಗಡಿಯಲ್ಲಿ ಎಷ್ಟೋ ವರ್ಷ ಇಟ್ಟುಕೊಂಡಿದ್ದೆ.)

ಸೆಲ್ ಸತ್ತು, ನೀವು ಎಫ್2 ಒತ್ತಿದ ಮೇಲೆ ಬೋರ್ಡ್ ಐ.ಡಿ.ಇ.ಗೆ ಹೋಗಿದೆ. ಬಯಾಸ್‌ಗೆ ಎರಡೂ ಬರುತ್ತದೆ. ಅದಕ್ಕೇ ‘ಸ್ಟಾರ್ಟಿಂಗ್ ವಿಂಡೋಸ್’ ತನಕ ತೊಂದರೆ ಇಲ್ಲ. ಅಲ್ಲಿಂದ ಮುಂದೆ ವಿಂಡೋಸ್ ತನ್ನದೇ ಡ್ರೈವರ್ ಬಳಸಿ ಡಿಸ್ಕನ್ನು ಹುಡುಕಬೇಕು. ಅದು ಎ.ಎಚ್.ಸಿ.ಐ. ಡ್ರೈವರ್ ಮಾತ್ರ ಕೈಯಲ್ಲಿ ಹಿಡಿದು ಹುಡುಕುತ್ತದೆ. ಡಿಸ್ಕ್ ಕಾಣುವುದಿಲ್ಲ. ನೀಲಿ ಪರದೆ ತೋರಿಸಿ ಕೈ ಎತ್ತುತ್ತದೆ.

ಹೌದೋ ಅಲ್ಲವೋ ನೋಡಲು, ವಿಂಡೋಸ್ ಹೆಸರು ಬರುವ ಮೊದಲೇ ಎಫ್8 ಅನ್ನು ಟಕಟಕ ಒತ್ತುತ್ತಿರಿ. ಬರುವ ಪಟ್ಟಿಯಲ್ಲಿ ‘ಡಿಸೇಬಲ್ ಆಟೊಮ್ಯಾಟಿಕ್ ರೀಸ್ಟಾರ್ಟ್’ ಎಂದು ಶುರುವಾಗುವ ಸಾಲು ಆರಿಸಿ. ಆಗ ನೀಲಿ ಪರದೆ ಓಡಿಹೋಗದೆ ನಿಲ್ಲುತ್ತದೆ. ‘ಸ್ಟಾಪ್’ ಎಂಬುದರ ಮುಂದಿನ ಉದ್ದದ ಸಂಖ್ಯೆ 7ಬಿ ಎಂದು ಮುಗಿದರೆ ನನ್ನ ಅನುಮಾನ ನಿಜ. ಬೇರೆ ಸಂಖ್ಯೆ ಇದ್ದರೆ ಫೋಟೊ ತೆಗೆದು ಕಳಿಸಿ.

ಈ ರೋಗದಲ್ಲಿ ನಾನೇ ಒಮ್ಮೆ ಕೈ ಸುಟ್ಟುಕೊಂಡಿದ್ದೇನೆ. 2012ರಲ್ಲಿ ಒಬ್ಬರು ಹೀಗೇ ತಂದಿದ್ದರು. ರ‍್ಯಾಮ್ ಬದಲಿಸಿದೆ, ಕೇಬಲ್ ಬದಲಿಸಿದೆ, ಜಗ್ಗಲಿಲ್ಲ. ಡಿ ಡ್ರೈವ್‌ನಲ್ಲಿ ಇದ್ದದ್ದೆಲ್ಲ ಹಾಗೇ ಇರುತ್ತದೆ ಎಂದು ಸಿ ಡ್ರೈವ್ ಫಾರ್ಮ್ಯಾಟ್ ಹೊಡೆದು ವಿಂಡೋಸ್ ಹಾಕಿದೆ. ಸರಿಹೋಯಿತು! ಐ.ಡಿ.ಇ.ಯಲ್ಲೇ ಹೊಸದಾಗಿ ಹಾಕಿದರೆ ಸರಿಹೋಗದೆ ಏನು? ವಿಂಡೋಸ್ ಕೆಟ್ಟಿತ್ತು ಎಂದೇ ನಂಬಿದೆ, ದುಡ್ಡೂ ತಗೊಂಡೆ. ಸಂಜೆ ಅವರ ಫೋನು: ‘ಅಣ್ಣಾ, ತಂಗಿ ಮದುವೆ ಫೋಟೊ ಡೆಸ್ಕ್‌ಟಾಪ್ ಮೇಲೆ ಇತ್ತಲ್ಲ?’ ಡೆಸ್ಕ್‌ಟಾಪ್ ಇರುವುದು ಸಿ ಡ್ರೈವ್‌ನಲ್ಲಿ. ಆರು ತಿಂಗಳ ನಂತರ ಅಂಥದ್ದೇ ಇನ್ನೊಂದು ಬಂದಾಗ ಸಂಖ್ಯೆ ಬರೆದುಕೊಂಡು ಹುಡುಕಿದೆ. ಆಗ ತಿಳಿಯಿತು, ಫಾರ್ಮ್ಯಾಟ್ ಬೇಕಾಗಿಯೇ ಇರಲಿಲ್ಲ ಎಂದು. ಅವರಿಗೆ ಅದನ್ನು ಇವತ್ತಿನವರೆಗೂ ಹೇಳಿಲ್ಲ.

ಈಗ ನಿಮ್ಮ ಕೆಲಸ. ಇವತ್ತು ಡಬ್ಬ ಬಿಚ್ಚುವುದೂ ಬೇಡ. ಆ ಸಾಲುಗಳು ಬಂದಾಗ ಎಫ್1 ಒತ್ತಿ ಸೆಟ್ಟಿಂಗ್ ಪುಟಕ್ಕೆ ಹೋಗಿ. ತಾರೀಕು ಸರಿಮಾಡಿ. ‘ಆನ್‌ಚಿಪ್ ಸಾಟಾ ಟೈಪ್’ ಅಥವಾ ‘ಸಾಟಾ ಮೋಡ್’ ಎಂಬುದನ್ನು ಹುಡುಕಿ, ಎ.ಎಚ್.ಸಿ.ಐ. ಮಾಡಿ. ಪಕ್ಕದಲ್ಲಿ ‘ರೇಡ್’ ಎಂದೂ ಇರುತ್ತದೆ, ಅದರ ತಂಟೆ ಬೇಡ. ಎಫ್10 ಒತ್ತಿ ಸೇವ್ ಮಾಡಿ. ವಿಂಡೋಸ್ ತೆರೆದುಕೊಂಡರೆ ಗೋಡೆ ಸ್ವಿಚ್ ಆಫ್ ಮಾಡದೆ, ಮೊದಲು ಹದಿನೇಳೂ ಪ್ರಸಂಗಗಳನ್ನು ಪೆನ್‌ಡ್ರೈವ್‌ಗೆ ಹಾಕಿಕೊಳ್ಳಿ. ಕಾಫಿ ಆಮೇಲೆ. ನುಡಿಯ ಫಾಂಟ್‌ಗಳನ್ನೂ ಜೊತೆಗೆ ಕಾಪಿ ಮಾಡಿ. ಹಳೇ ನುಡಿ ಕಡತಗಳು ಯೂನಿಕೋಡ್‌ನಲ್ಲಿ ಇರುವುದಿಲ್ಲ. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ನಿಮ್ಮ ಕರ್ಣ, ಅರ್ಜುನ ಎಲ್ಲ ಇಂಗ್ಲಿಷ್ ಅಕ್ಷರದ ಚಿತ್ರಾನ್ನವಾಗಿ ಕಾಣುತ್ತಾರೆ.

ಸೆಲ್ ನಾಳೆ ತನ್ನಿ. ವಾಚ್ ರಿಪೇರಿ ಅಂಗಡಿಯಲ್ಲೂ ಸಿಗುತ್ತದೆ, ನೂರು ರೂಪಾಯಿ ಒಳಗೇ. 2025, 2016 ಕೊಟ್ಟು ‘ಎಲ್ಲಾ ಒಂದೇ ಸಾರ್’ ಎಂದರೆ ಒಪ್ಪಬೇಡಿ. ಅಗಲ ಒಂದೇ, ಆದರೆ ದಪ್ಪ ಕಮ್ಮಿ, ಕ್ಲಿಪ್‌ಗೆ ಸರಿಯಾಗಿ ತಾಗುವುದಿಲ್ಲ. ಪ್ಲಗ್ ಕಿತ್ತು, ಪವರ್ ಬಟನ್ ಒಮ್ಮೆ ಒತ್ತಿ ಬಿಟ್ಟು, ಬರಿಗೈಯಲ್ಲಿ ಕ್ಯಾಬಿನೆಟ್‌ನ ತಗಡು ಮುಟ್ಟಿ, ಆಮೇಲೆ ಒಳಗೆ ಕೈ ಹಾಕಿ. ಸೆಲ್ ಪಕ್ಕದ ಕ್ಲಿಪ್ಪನ್ನು ಉಗುರಲ್ಲಿ ತಳ್ಳಿದರೆ ಸೆಲ್ ಎದ್ದು ಬರುತ್ತದೆ. ಸ್ಕ್ರೂಡ್ರೈವರ್ ಹಾಕಿ ಮೀಟಬೇಡಿ, ಜಾರಿದರೆ ಬೋರ್ಡ್ ಗೀಚುತ್ತದೆ. ಹೊಸದನ್ನು ಹಾಕುವಾಗ + ಗುರುತು ಮೇಲೆ. ಹಾಕಿದ ಮೇಲೆ ತಾರೀಕು ಮತ್ತು ಎ.ಎಚ್.ಸಿ.ಐ. ಇನ್ನೊಮ್ಮೆ ನೋಡಿ.

ಸೆಟ್ಟಿಂಗ್ ಬದಲಿಸಿದರೂ ವಿಂಡೋಸ್ ಏಳದಿದ್ದರೆ, ಪರಿಚಯದ ಹುಡುಗರ ಹತ್ತಿರ ಒಂದು ಪೆನ್‌ಡ್ರೈವ್‌ನಲ್ಲಿ ಲಿನಕ್ಸ್ ಮಿಂಟ್ (ವಿಂಡೋಸ್‌ನಂಥದ್ದೇ ಇನ್ನೊಂದು ವ್ಯವಸ್ಥೆ) ಹಾಕಿಸಿ, ಅದರಿಂದಲೇ ಕಂಪ್ಯೂಟರ್ ತೆರೆಯಿರಿ. ಇನ್‌ಸ್ಟಾಲ್ ಮಾತ್ರ ಒತ್ತಬೇಡಿ. ಲಿನಕ್ಸ್‌ಗೆ ಐ.ಡಿ.ಇ., ಎ.ಎಚ್.ಸಿ.ಐ. ಎರಡೂ ಗೊತ್ತು. ಡಿಸ್ಕ್ ನೆಟ್ಟಗಿದ್ದರೆ ಕಡತಗಳು ಕಾಣುತ್ತವೆ. ಡಿಸ್ಕಿನಿಂದ ಟಕ್ ಟಕ್ ಸದ್ದು ಬರುತ್ತಿದ್ದರೆ ಮಾತ್ರ ತಕ್ಷಣ ಆಫ್ ಮಾಡಿ, ಅದು ಬೇರೆಯೇ ಕಥೆ.

ಹೊಸದು ತಗೊಳ್ಳಲಾ ಎಂದು ಕೇಳಿದ್ದೀರಿ. ವಿಂಡೋಸ್ 7ಕ್ಕೆ 2020ರ ಜನವರಿ 14ಕ್ಕೇ ಬೆಂಬಲ ನಿಂತಿದೆ, ಬ್ಯಾಂಕ್ ಕೆಲಸ ಅದರಲ್ಲಿ ಮಾಡಬೇಡಿ. ಟೈಪ್ ಮಾಡಲು, ಪ್ರಿಂಟ್ ತೆಗೆಯಲು ಅದು ಇನ್ನೂ ಗಟ್ಟಿಮುಟ್ಟು. ನನ್ನನ್ನು ಕೇಳಿದರೆ, ಆ ಡಿಸ್ಕಿನ ವಯಸ್ಸಿಗೆ ಹೆದರಿ ಒಂದು ಚಿಕ್ಕ ಎಸ್.ಎಸ್.ಡಿ. (ತಿರುಗುವ ಭಾಗವಿಲ್ಲದ ಹೊಸ ಬಗೆಯ ಡಿಸ್ಕ್) ಹಾಕಿಸುತ್ತೇನೆ.

ಪ್ರಶ್ನೆ: ಚಿಕ್ಕಪ್ಪನ ಹಳೇ ಅಸೆಂಬಲ್ಡ್ ಕಂಪ್ಯೂಟರ್ ನನಗೆ ಬಂದಿದೆ. ಫ್ಯಾನ್ ತಿರುಗುತ್ತದೆ, ಪರದೆ ಕಪ್ಪು, ಬೀಪ್ ಬೀಪ್ ಎನ್ನುತ್ತದೆ. ಮಾನಿಟರ್ ಹೋಗಿದೆಯಾ ಅಣ್ಣಾ?
– ಡಿಪ್ಲೊಮಾ ವಿದ್ಯಾರ್ಥಿನಿ, ಗದಗ

ಉತ್ತರ: ಮಾನಿಟರ್ ಹೋದರೆ ಬೀಪ್ ಯಾಕಮ್ಮಾ ಬರುತ್ತದೆ? ಮೊದಲು ರ‍್ಯಾಮ್ ನೋಡು. ಪ್ಲಗ್ ಕಿತ್ತು, ರ‍್ಯಾಮ್ ತೆಗೆದು, ಅದರ ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿ ಒರೆಸಿ, ಎರಡೂ ಕಡೆ ಟಕ್ ಎನ್ನುವ ತನಕ ಒತ್ತಿ ಕೂರಿಸು. ಎರಡು ಇದ್ದರೆ ಒಂದೊಂದೇ ಹಾಕಿ ನೋಡು. ಹಳೇ ಅವಾರ್ಡ್ ಬಯಾಸ್‌ನಲ್ಲಿ ಒಂದು ಉದ್ದ, ಎರಡು ಗಿಡ್ಡ ಬೀಪ್ ಬಂದರೆ ಗ್ರಾಫಿಕ್ಸ್ ಕಡೆಯ ತಕರಾರು. ಕಾರ್ಡ್ ಇದ್ದರೆ ಅದಕ್ಕೂ ಇದೇ ಸೇವೆ.

ಪ್ರಶ್ನೆ: ಬೆಳಿಗ್ಗೆ ಮೊದಲ ಸಲ ಬಟನ್ ಒತ್ತಿದರೆ ಎರಡು ಸೆಕೆಂಡ್ ಫ್ಯಾನ್ ತಿರುಗಿ ನಿಲ್ಲುತ್ತದೆ. ನಾಲ್ಕೈದು ಸಲ ಒತ್ತಿದ ಮೇಲೆ ಹತ್ತಿಕೊಳ್ಳುತ್ತದೆ. ಆಮೇಲೆ ರಾತ್ರಿವರೆಗೂ ತೊಂದರೆ ಇಲ್ಲ. 2011ರ ಜೋಡಣೆ.
– ಜೆರಾಕ್ಸ್ ಅಂಗಡಿಯವರು, ಹಾಸನ

ಉತ್ತರ: ಅದು ಎಸ್.ಎಂ.ಪಿ.ಎಸ್. ಮುದಿಯಾದ ಲಕ್ಷಣ. ಒಳಗಿನ ಕೆಪಾಸಿಟರ್‌ಗಳು ಒಣಗಿದರೆ ತಣ್ಣಗಿದ್ದಾಗ ತಿಣುಕುತ್ತವೆ, ಬಿಸಿಯಾದ ಮೇಲೆ ಸುಧಾರಿಸಿಕೊಳ್ಳುತ್ತವೆ. ಬೋರ್ಡಿನ ಮೇಲೂ ಪ್ರೊಸೆಸರ್ ಸುತ್ತ ಒಮ್ಮೆ ಕಣ್ಣಾಡಿಸಿ. ಕೆಪಾಸಿಟರ್ ತಲೆ ಚಪ್ಪಟೆ ಇರಬೇಕು. ಪೂರಿಯಂತೆ ಉಬ್ಬಿದ್ದರೆ ಕಾಯಿಲೆ ಅಲ್ಲಿಗೂ ತಗುಲಿದೆ. ಮೊದಲು ಯಾರದಾದರೂ ಒಳ್ಳೇ ಎಸ್.ಎಂ.ಪಿ.ಎಸ್. ಎರವಲು ತಂದು ಒಂದು ಬೆಳಿಗ್ಗೆ ಹಾಕಿ ನೋಡಿ, ಆಮೇಲೆ ದುಡ್ಡು ಬಿಚ್ಚಿ. ನಿಮ್ಮದನ್ನು ಮಾತ್ರ ನೀವೇ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಅದರೊಳಗೆ ಶಾಕ್ ಹೊಡೆಯುವಷ್ಟು ಕರೆಂಟ್ ಉಳಿದಿರುತ್ತದೆ.